ತಪ್ಪೊಪ್ಪಿಕೊಳ್ಳುವ ಪಾಠ

2026ರ ಮಾರ್ಚ್ 14, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನಾಲ್ಕನೆಯ ಮಹಡಿಯ ಸಭಾಂಗಣದ ಬಾಗಿಲಲ್ಲಿ ಸಹಿ ಹಾಕಿ ನಾನು ಒಳಗೆ ಹೋದಾಗ ಅಕ್ಕ ಆಗಲೇ ವೇದಿಕೆಯ ಮೇಲೆ ಮೈಕನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದಳು. ನನ್ನನ್ನು ಕಂಡು ಗದ್ದವನ್ನು ಕೂದಲೆಳೆಯಷ್ಟು ಮೇಲೆತ್ತಿದಳು. ಚಿಕ್ಕವರಿದ್ದಾಗ ಅಮ್ಮನೆದುರು ಬಾಯಿ ಬಿಡುವಂತಿಲ್ಲದ ಹೊತ್ತಿನಲ್ಲಿ ನಾವು ಬಳಸುತ್ತಿದ್ದ ಸನ್ನೆ ಅದು. ನಾನಿದ್ದೇನೆ, ಸುಮ್ಮನಿರು ಎಂದರ್ಥ. ನಾನೂ ಗದ್ದ ಎತ್ತಿ, ಹಿಂದಿನ ಸಾಲಿಗೆ ಹೋಗಿ ಕೂತೆ.

ನಾವಿಬ್ಬರು ಒಡಹುಟ್ಟಿದವರೆಂದು ಅಲ್ಲಿ ಯಾರಿಗೂ ಹೇಳಬಾರದೆಂದು ಅವಳೇ ಹಿಂದಿನ ದಿನ ಫೋನಿನಲ್ಲಿ ಎಚ್ಚರಿಸಿದ್ದಳು. "ಪಕ್ಷಪಾತ ಅಂತಾರೆ ಪುಟ್ಟಿ. ಸಹಿ ಹಾಕೋಳು ನಾನು, ಹಾಕಿಸ್ಕೊಳೋಳು ನೀನು. ಸುಮ್ನೆ ಯಾಕೆ ಜನರ ಬಾಯಿಗೆ ಬೀಳೋದು?"

ತರಬೇತಿಯ ವಿಷಯ ಪ್ರಬಲ ನೋವುನಿವಾರಕಗಳ ಸುರಕ್ಷಿತ ಬಳಕೆ. ಮಾರ್ಫಿನ್ ಮತ್ತು ಅದರ ಬಳಗದ ಔಷಧಗಳನ್ನು ಯಾರಿಗೆ ಬರೆಯಬೇಕು, ಎಷ್ಟು ಬರೆಯಬೇಕು, ಹೇಗೆ ಇಳಿಸಬೇಕು ಎಂಬುದು. ಓದು ಮುಗಿಸಿ ಎಷ್ಟೇ ವರ್ಷವಾಗಿದ್ದರೂ ವೈದ್ಯರು ಆಗಾಗ ಇಂಥ ಪಾಠಗಳಿಗೆ ಕೂತು ಅಂಕ ಸಂಪಾದಿಸಬೇಕು. ಅಂದು ಬಂದಿದ್ದವರಲ್ಲಿ ಹೆಚ್ಚಿನವರು ಅಂಕಕ್ಕೆ ಬಂದವರು. ನಾನು ಬಂದದ್ದು ಕಳೆದುಕೊಂಡದ್ದನ್ನು ವಾಪಸು ಪಡೆಯಲು. ನವೆಂಬರಿನಲ್ಲಿ ವೈದ್ಯ ಮಂಡಳಿಯು ಈ ಔಷಧಗಳನ್ನು ಬರೆಯುವ ನನ್ನ ಪರವಾನಗಿಯನ್ನು ತಡೆಹಿಡಿದಿತ್ತು. ಈ ತರಬೇತಿ ಮುಗಿಸಿ, ತರಬೇತುದಾರರಿಂದ ಪ್ರಮಾಣಪತ್ರ ತಂದರೆ ಮರಳಿ ಕೊಡುವುದಾಗಿ ಹೇಳಿತ್ತು.

ದೂರು ಕೊಟ್ಟವರು ನನ್ನ ಭಾವ, ಅಂದರೆ ಅಕ್ಕನ ಗಂಡ. ದೂರು ಅವರ ತಾಯಿಯ ಚಿಕಿತ್ಸೆಯ ಬಗ್ಗೆ.

ಆ ತಾಯಿಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಬೆನ್ನುಮೂಳೆಗೆ ಹಬ್ಬಿದ ಕ್ಯಾನ್ಸರ್ ಅವರದು. ನವೆಂಬರಿನಿಂದ ಅವರು ಈ ನಗರದಲ್ಲಿ ಮಗ ಸೊಸೆಯ ಫ್ಲಾಟಿನಲ್ಲಿದ್ದಾರೆ. ಅಂದಿನಿಂದ ಭಾವ ಅವರಿಗೆ ಯಾವ ಪ್ರಬಲ ಔಷಧವನ್ನೂ ಮುಟ್ಟಿಸಿಲ್ಲ. ಅಕ್ಕ ನೋವಿನ ಚಿಕಿತ್ಸೆಯಲ್ಲೇ ಹೆಸರು ಮಾಡಿದವಳು, ಆದರೆ ಸ್ವಂತ ಮನೆಯವರಿಗೆ ಇಂಥ ಔಷಧ ಬರೆಯಬಾರದೆಂಬ ನಿಯಮವಿದೆ. "ಮೊದ್ಲು ನಿನ್ನ ಪರವಾನಗಿ ಬರ್ಲಿ" ಎಂದಿದ್ದಳು. "ಆಮೇಲೆ ಅವರನ್ನ ಒಪ್ಸೋದು ನನ್ನ ಕೆಲಸ. ನೀನೇ ಬಂದು ಬರೆದುಕೊಡು. ಅಲ್ಲಿವರೆಗೆ ಅತ್ತೆ ಪರವಾಗಿಲ್ಲ, ಸಣ್ಣ ಮಾತ್ರೇಲಿ ತಕ್ಕಮಟ್ಟಿಗೆ ಇದಾರೆ." ಹಾಗಾಗಿ ಅಂದು ಸಂಜೆ ಅವಳು ಹಾಕಲಿದ್ದ ಸಹಿಯೆಂದರೆ ನನ್ನ ಲೆಕ್ಕದಲ್ಲಿ ಅತ್ತೆಯ ನಿದ್ದೆ.

ಅಕ್ಟೋಬರಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಅತ್ತೆ ಆಗ ನಮ್ಮ ಊರಿನಲ್ಲಿ, ನನ್ನ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ, ಹಳೆಯ ಸಹೋದ್ಯೋಗಿ ಗೆಳತಿಯೊಬ್ಬರ ಜೊತೆ ಬಾಡಿಗೆಗೆ ಇದ್ದರು. ಇಬ್ಬರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳಾಗಿ ನಿವೃತ್ತರಾದವರು. ಅತ್ತೆಗೆ ದಿನಕ್ಕೆ ನೂರಿಪ್ಪತ್ತು ಮಿಲಿಗ್ರಾಂ ಮಾರ್ಫಿನ್ ನಡೆಯುತ್ತಿತ್ತು. ಮೂತ್ರಪಿಂಡ ಸೋತಂತೆ ಅದರ ಕಸ ಮೈಯಲ್ಲೇ ಉಳಿದು ಕೈಕಾಲು ಬೆಚ್ಚಿಬೀಳತೊಡಗಿತು. ಔಷಧ ಬದಲಿಸಬೇಕಾಯಿತು. ಒಂದರ ಬದಲು ಇನ್ನೊಂದು ಎಷ್ಟು ಎಂದು ತಿಳಿಯಲು ಒಂದು ಕೋಷ್ಟಕವಿದೆ. ಅದರ ಪ್ರಕಾರ ಹೊಸ ಔಷಧ ಎಂಬತ್ತು ಮಿಲಿಗ್ರಾಂ ಆಗುತ್ತದೆ. ಆದರೆ ಕೋಷ್ಟಕದ ಸಂಖ್ಯೆಯನ್ನು ಹಾಗೇ ಬರೆಯಬಾರದು. ಹಳೆಯ ಔಷಧಕ್ಕೆ ಒಗ್ಗಿಹೋದ ದೇಹ ಹೊಸದಕ್ಕೆ ಅಷ್ಟೇ ಒಗ್ಗಿರುವುದಿಲ್ಲ. ಆದ್ದರಿಂದ ಕಾಲು ಭಾಗದಿಂದ ಅರ್ಧದವರೆಗೆ ತಗ್ಗಿಸಿ ಶುರು ಮಾಡಿ, ಆಮೇಲೆ ನೋಡಿಕೊಂಡು ಏರಿಸಬೇಕು.

ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು ಕಾರು ಓಡಿಸುತ್ತಿದ್ದಳು. ಹಾರನ್ನುಗಳ ಸದ್ದು ಕೇಳುತ್ತಿತ್ತು.

"ಅಕ್ಕ, ಕೋಷ್ಟಕದಲ್ಲಿ ಎಂಬತ್ತು ಬರುತ್ತೆ. ಐವತ್ತಕ್ಕೆ ಇಳಿಸ್ಲಾ?"

"ಬೇಡ ಕಣೇ. ಈಗ್ಲೇ ನೋವು ಹತೋಟಿಗೆ ಬಂದಿಲ್ಲ. ಐವತ್ತು ಅಂದ್ರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎಂಬತ್ತೇ ಬರಿ."

"ವಯಸ್ಸಾಗಿದೆ, ಮೂತ್ರಪಿಂಡ ಬೇರೆ..."

"ಪುಟ್ಟಿ, ದಿನಕ್ಕೆ ಇಂಥವು ಹತ್ತು ನೋಡ್ತೀನಿ ನಾನು. ಅಷ್ಟಕ್ಕೂ ಯಾರ ಅತ್ತೆ ಅವರು, ನಿಂದಾ ನಂದಾ?"

ನಾನು ನಕ್ಕು ಎಂಬತ್ತು ಬರೆದೆ.

ವೈದ್ಯರ ನಡುವೆ ಫೋನಿನಲ್ಲಿ ಕೇಳಿ ಹೇಳುವುದು ದಿನನಿತ್ಯದ ವಾಡಿಕೆ. ಅದನ್ನು ಎಲ್ಲೂ ದಾಖಲಿಸುವುದಿಲ್ಲ. ಹೇಳಿದವರದು ಸಲಹೆ, ಬರೆದವರದು ಹೊಣೆ. ಈ ಕಟ್ಟಳೆ ಸರಿಯೆಂದೇ ನಾನು ಈಗಲೂ ನಂಬಿದ್ದೇನೆ. ಮಂಡಳಿ ವಿವರಣೆ ಕೇಳಿದಾಗ, ಬರೆದವಳು ನಾನು, ತಪ್ಪು ನನ್ನದು ಎಂದು ಉತ್ತರಿಸಿದೆ. ಅಕ್ಕನ ಹೆಸರು ಎತ್ತಲಿಲ್ಲ. ಎತ್ತಬೇಡವೆಂದು ಅವಳು ಅತ್ತು ಕೇಳಿಕೊಂಡಿದ್ದಳು. ಮಂಡಳಿಗೆ ಹೆಸರು ಬೇಡ, ಮನೆಯಲ್ಲಿ ಭಾವನಿಗೆ ಸಮಯ ನೋಡಿ ತಾನೇ ಹೇಳುತ್ತೇನೆ ಎಂದಿದ್ದಳು.

ಔಷಧ ಬದಲಿಸಿದ ಮೂರನೆಯ ದಿನ ಅತ್ತೆಯ ಗೆಳತಿ ಫೋನ್ ಮಾಡಿ, ಎಬ್ಬಿಸಿದರೆ ಏಳುತ್ತಿಲ್ಲ ಎಂದರು. ಓಡಿದೆ. ಉಸಿರು ನಿಮಿಷಕ್ಕೆ ಆರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಗೆಳತಿಯನ್ನು ಆಂಬುಲೆನ್ಸಿಗೆ ಕಾಯಲು ಕೆಳಗೆ ಕಳಿಸಿ, ಮಾರ್ಫಿನ್ ಬಳಗದ ಅಮಲಿಳಿಸುವ ಪ್ರತಿಮದ್ದನ್ನು ತೆಳುಮಾಡಿಕೊಂಡು ಸ್ವಲ್ಪ ಸ್ವಲ್ಪವೇ ಕೊಡುತ್ತ, ಅವರ ಭುಜ ಅಲುಗಿಸಿ ಕೂಗುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣು ಬಿಡದೆಯೇ ನನ್ನ ಕೈ ತಳ್ಳಿ, ಕೆಲಸದ ದಿನಗಳ ಸ್ಪಷ್ಟ ದನಿಯಲ್ಲಿ, "ಲೈನ್ ಬ್ಯುಸಿ ಇದೆ, ಆಮೇಲೆ ಮಾಡಿ" ಎಂದರು.

ನಾನು ನೆಲದ ಮೇಲೆ ಕೂತು ಅಳುತ್ತಲೇ ನಕ್ಕೆ. ಅಂದು ಸಂಜೆ ಅದನ್ನು ಹೇಳಿಕೊಂಡದ್ದು ಅಕ್ಕನೊಬ್ಬಳ ಹತ್ತಿರ. ಅವಳೂ ಫೋನಿನ ಆ ತುದಿಯಲ್ಲಿ ಅಳುತ್ತ ನಕ್ಕಳು.

ಅಕ್ಕ ಒಳ್ಳೆಯ ಮೇಷ್ಟ್ರು. ಅದನ್ನು ಅಲ್ಲಗಳೆಯಲಾರೆ. ನೋವನ್ನು ನಂಬುವುದು ಹೇಗೆ, ನಂಬುತ್ತಲೇ ಎಚ್ಚರ ತಪ್ಪದಿರುವುದು ಹೇಗೆ ಎಂದು ಅವಳು ಬೆಳಿಗ್ಗೆ ಹೇಳಿದ ರೀತಿಗೆ ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತಿದರು. ನನ್ನ ಪಕ್ಕದಲ್ಲಿ ಕೂತಿದ್ದ ದಂತವೈದ್ಯರು ಮಾತ್ರ ಪ್ರತಿ ಮಾತಿಗೂ ಒಂದು ಒಗ್ಗರಣೆ ಸೇರಿಸುತ್ತಿದ್ದರು. ಐವತ್ತು ದಾಟಿದ, ಹೊಟ್ಟೆ ಬಂದ, ತಮ್ಮ ಜೋಕಿಗೆ ತಾವೇ ಮೊದಲು ನಗುವ ಮನುಷ್ಯ.

"ನಮ್ ಕಡೆ ಬರೋರು ಒಂದ್ ಹಲ್ಲು ಕೀಳಿಸ್ಕೊಂಡು ಒಂದ್ ತಿಂಗಳ ಮಾತ್ರೆ ಕೇಳ್ತಾರೆ ಡಾಕ್ಟ್ರೇ" ಎಂದು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. "ಹಲ್ಲು ಹೋದ ದುಃಖ ಅಷ್ಟು ದಿನ ಇರುತ್ತೇನ್ರೀ?"

ಹನ್ನೊಂದರ ಸುಮಾರಿಗೆ ಅಕ್ಕ ಹೊಸ ಸ್ಲೈಡ್ ತೆಗೆದಳು. "ಇದೊಂದು ನಿಜವಾಗಿ ನಡೆದ ಪ್ರಕರಣ. ಗುರುತು ಸಿಗೋಂಥದ್ದನ್ನೆಲ್ಲ ತೆಗೆದಿದೀನಿ" ಎಂದಳು.

ಎಪ್ಪತ್ತು ದಾಟಿದ ಹೆಂಗಸು. ಬೆನ್ನುಮೂಳೆಯ ಕ್ಯಾನ್ಸರ್. ನೂರಿಪ್ಪತ್ತರಿಂದ ಎಂಬತ್ತಕ್ಕೆ ಬದಲಾವಣೆ. ಇಷ್ಟಾದರೆ ಯಾರ ಪ್ರಕರಣವೂ ಆಗಬಹುದು. ಇಂಥ ಸಂಖ್ಯೆಗಳು ಎಲ್ಲ ಆಸ್ಪತ್ರೆಗಳಲ್ಲೂ ಸಿಗುತ್ತವೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಸಾಲು ಮೂಡಿತು. ವೈದ್ಯೆ ಕೋಷ್ಟಕದ ಸಂಖ್ಯೆಯನ್ನು ಕಡಿತವಿಲ್ಲದೆ ಬರೆದರು. ಅದರ ಕೆಳಗೆ ಇನ್ನೊಂದು. ತಜ್ಞರ ಸಲಹೆ ಪಡೆಯಲಿಲ್ಲ.

ಆ ಸಾಲನ್ನು ನಾನು ಮತ್ತೆ ಓದಿದೆ.

"ರೋಗಿ ಟೆಲಿಫೋನ್ ಆಪರೇಟರ್ ಆಗಿದ್ದೋರು" ಎಂದು ಅಕ್ಕ ವೇದಿಕೆಯ ಅಂಚಿಗೆ ಬಂದಳು. ಅವಳ ಕಣ್ಣು ಕೋಣೆಯ ಎಡಗಡೆಗಿತ್ತು. ನಾನು ಕೂತದ್ದು ಬಲಗಡೆ. "ಈ ಡಾಕ್ಟ್ರು ಗಾಬರಿಯಾಗಿ ಎಬ್ಬಿಸ್ತಾ ಇದಾರೆ, ಅಲುಗಾಡಿಸ್ತಾ ಇದಾರೆ. ಆಯಮ್ಮ ಕಣ್ಣು ಮುಚ್ಚಿಕೊಂಡೇ ಏನಂದ್ರು ಗೊತ್ತಾ? 'ಲೈನ್ ಬ್ಯುಸಿ ಇದೆ, ಆಮೇಲೆ ಮಾಡಿ!'"

ಅತ್ತೆಯ ದನಿಯನ್ನು ಅನುಕರಿಸಿ ಹೇಳಿದಳು. ಚೆನ್ನಾಗಿಯೇ ಬಂತು. ಕೋಣೆ ಗೊಳ್ಳೆಂದಿತು. ದಂತವೈದ್ಯರು ತೊಡೆ ತಟ್ಟಿಕೊಂಡು ನಕ್ಕು, ಕಣ್ಣೊರೆಸಿಕೊಂಡು, "ಇಂಥೋರ ಕೈಗೆ ಪೆನ್ನು ಕೊಟ್ಟೋರು ಯಾರ್ರೀ? ಕೋತಿ ಕೈಗೆ ಮಾಣಿಕ್ಯ!" ಎಂದರು. ನಾನೂ ನಗಬೇಕಾಯಿತು. ನಗದೆ ಇದ್ದಿದ್ದರೆ ಅವರು ನನ್ನತ್ತ ತಿರುಗಿ ನೋಡುತ್ತಿದ್ದರು.

ಮುಂದಿನ ಸಾಲಿನಲ್ಲಿದ್ದ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬಳು ಕೈಯೆತ್ತಿದಳು. "ಮೇಡಂ, ಅನುಮಾನ ಇದ್ದಿದ್ರೆ ಅವರು ಯಾರನ್ನಾದ್ರೂ ಕೇಳ್ಬಹುದಿತ್ತಲ್ವಾ?"

"ಅದೇ ಇವತ್ತಿನ ಪಾಠ" ಎಂದಳು ಅಕ್ಕ. "ಒಂದು ಫೋನ್ ಮಾಡಿದ್ರೆ ಸಾಕಿತ್ತು."

ಕಾಫಿ ವಿರಾಮದಲ್ಲಿ ಅವಳ ಸುತ್ತ ಜನ ಸೇರಿದ್ದರು. ಅವರು ಕರಗುವವರೆಗೆ ಕಾದೆ. ಪ್ರೊಜೆಕ್ಟರಿನ ಪೆಟ್ಟಿಗೆ, ಮಡಚಿದ ಕುರ್ಚಿಗಳನ್ನು ಇಡುವ ಸಣ್ಣ ಕೋಣೆಗೆ ಅವಳು ತಂತಿ ತರಲು ಹೋದಾಗ ಹಿಂದೆಯೇ ಹೋದೆ.

"ಅದು ನಾನು ನಿನಗೊಬ್ಬಳಿಗೇ ಹೇಳಿದ ಮಾತು ಅಕ್ಕ."

"ಯಾವುದು? ಓ, ಅದಾ." ಬಾಗಿಲನ್ನು ಕಾಲಿನಿಂದ ಮುಚ್ಚಿದಳು. "ಹನ್ನೊಂದು ಗಂಟೆಗೆ ಎಲ್ರೂ ತೂಕಡಿಸ್ತಾರೆ ಕಣೇ. ಎಬ್ಬಿಸೋಕೆ ಒಂದು ನಗು ಬೇಕು. ಅದು ನೀನೇ ಅಂತ ಯಾರಿಗೆ ಗೊತ್ತು?"

"ನಂಗೆ ಗೊತ್ತು. ನಿಂಗೆ ಗೊತ್ತು."

"ಅಯ್ಯೋ ಪುಟ್ಟಿ."

"ಒಂದು ಫೋನ್ ಮಾಡಿದ್ರೆ ಸಾಕಿತ್ತು ಅಂದೆಯಲ್ಲ. ಮಾಡಿದ್ನಲ್ಲ ನಾನು."

ಅವಳು ತಂತಿಯನ್ನು ಅಂಗೈಗೆ ಸುತ್ತತೊಡಗಿದಳು. ಸುತ್ತು ಒಂದೇ ಅಳತೆಗೆ ಬರುವಂತೆ ನೋಡಿ ಸುತ್ತಿದಳು. "ಪಾಠ ಅಂದ್ಮೇಲೆ ಸ್ವಲ್ಪ ಸರಳ ಮಾಡ್ಬೇಕಾಗುತ್ತೆ. ನಡೆದಿದ್ದೆಲ್ಲ ನಡೆದ ಹಾಗೇ ಹೇಳಿದ್ರೆ ಯಾರ ತಲೆಗೂ ಹೋಗಲ್ಲ. ಸಂಜೆವರೆಗೂ ಸುಮ್ನಿರು. ನಿನ್ನ ಕಾಗದಕ್ಕೆ ಸಹಿ ಆಗ್ಲಿ, ಆಮೇಲೆ ಎಷ್ಟು ಬೇಕಾದ್ರೂ ಬೈಕೋ." ನನ್ನ ಕೆನ್ನೆ ತಟ್ಟಿ ಹೋದಳು.

ನಾನು ಸುಮ್ಮನಿದ್ದೆ. ಅತ್ತೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅಕ್ಕನಿಗೆ ಭಾವನ ಮುಂದೆ ಮಾತು ಹೊರಡುತ್ತಿಲ್ಲ, ಹೆದರಿಕೆಯಲ್ಲಿ ಏನೋ ಮಾಡುತ್ತಿದ್ದಾಳೆ ಎಂಬ ಒಂದು ವಿವರಣೆ ನನ್ನ ಬಳಿ ಇನ್ನೂ ಉಳಿದಿತ್ತು. ವಿಜ್ಞಾನ ಓದಿದವರಿಗೆ ಒಂದು ಚಾಳಿಯಿದೆ. ಕಣ್ಣಿಗೆ ರಾಚುವ ಕಾರಣವನ್ನು ಒಪ್ಪುವ ಮೊದಲು ಉಳಿದ ಕಾರಣಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕಲು ನೋಡುತ್ತೇವೆ.

ಮಧ್ಯಾಹ್ನದ ಕೊನೆಯ ಪಾಠ ಅಭಿನಯದ್ದು. ಚಿಕಿತ್ಸೆಯಲ್ಲಿ ತಪ್ಪಾದಾಗ ಮನೆಯವರಿಗೆ ಅದನ್ನು ಹೇಗೆ ಹೇಳಬೇಕು ಎಂಬುದನ್ನು ಇಬ್ಬರು ಎದ್ದು ನಿಂತು ಮಾಡಿ ತೋರಿಸಬೇಕು. ಒಬ್ಬರು ವೈದ್ಯರು, ಇನ್ನೊಬ್ಬರು ರೋಗಿಯ ಮಗ.

"ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ" ಎಂದು ಅಕ್ಕ ಶುರು ಮಾಡಿದಳು. "ಆದ್ರೆ ಇದು ಜಗಳ ತಪ್ಪಿಸ್ಕೊಳೋ ಜಾಣತನ ಅಲ್ಲ. ಬೆಳಿಗ್ಗೆ ನೋಡಿದ ಪ್ರಕರಣಾನೇ ತಗೊಳ್ಳೋಣ. ಮಗ ಯಾರಾಗ್ತೀರಿ?"

ದಂತವೈದ್ಯರು ಆಗಲೇ ಎದ್ದಿದ್ದರು. "ಕೂಗಾಡೋ ಪಾರ್ಟು ನಂಗಿರ್ಲಿ ಮೇಡಂ. ಮನೇಲಿ ಕೂಗಾಡೋಕೆ ಬಿಡಲ್ಲ." ನಕ್ಕು, ನನ್ನತ್ತ ಕೈ ತೋರಿಸಿದರು. "ಡಾಕ್ಟ್ರು ಇವರಾಗ್ಲಿ. ಬೆಳಿಗ್ಗೆಯಿಂದ ತುಟಿ ಬಿಚ್ಚಿಲ್ಲ."

ಅಕ್ಕ ಬೇರೆ ಯಾರನ್ನೋ ಹುಡುಕುವವಳಂತೆ ಸಾಲುಗಳ ಮೇಲೆ ಕಣ್ಣಾಡಿಸಿದಳು. ಅಷ್ಟರಲ್ಲಿ ನಾನು ಎದ್ದು ಮುಂದೆ ಹೋಗಿದ್ದೆ. ಅಂದು ಮೊದಲ ಸಲ ಎಲ್ಲರೂ ನೋಡುವಂತೆ ಅವಳ ಎದುರಿಗೆ, ಕೈಗೆಟುಕುವಷ್ಟು ಹತ್ತಿರ ನಿಂತೆ.

"ನಂಗೆ ಇದು ಹೇಳೋಕೆ ಬರಲ್ಲ ಮೇಡಂ" ಎಂದೆ. "ನೀವೇ ಒಂದ್ಸಲ ಮಾಡಿ ತೋರ್ಸಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಒಂದು ಕ್ಷಣ ನನ್ನನ್ನೇ ನೋಡಿದಳು. ಮೈಕನ್ನು ಮೇಜಿನ ಮೇಲಿಟ್ಟಳು. ಎರಡು ಕುರ್ಚಿಗಳನ್ನು ಎದುರುಬದುರಾಗಿ ಹಾಕಿ, ದಂತವೈದ್ಯರನ್ನು ಕೂರಿಸಿ, ತಾನೂ ಕೂತಳು. ಮೊಣಕಾಲಿನ ಮೇಲೆ ಕೈ ಜೋಡಿಸಿಕೊಂಡು ಸ್ವಲ್ಪ ಮುಂದಕ್ಕೆ ಬಾಗಿದಳು.

"ಒಂದು ಕಷ್ಟದ ವಿಷಯ ಹೇಳೋಕೆ ಬಂದಿದೀನಿ. ನಿಮ್ಮ ಅಮ್ಮನಿಗೆ ಆವತ್ತು ಹಾಗಾಗಿದ್ದು ಅವರ ಕಾಯಿಲೆಯಿಂದಲ್ಲ. ಔಷಧದ ದೋಷಾನೂ ಅಲ್ಲ. ಪ್ರಮಾಣ ಜಾಸ್ತಿಯಾಗಿತ್ತು. ಆ ಪ್ರಮಾಣ ಹೇಳಿದ್ದು ನಾನು. ತಪ್ಪು ನಂದು."

"ಏನ್ ಡಾಕ್ಟ್ರೇ ಇಷ್ಟು ಸಲೀಸಾಗಿ ಹೇಳ್ತಾ ಇದೀರ!" ದಂತವೈದ್ಯರು ಎದ್ದು ನಿಂತು ತೋರುಬೆರಳು ಆಡಿಸಿದರು. "ನಮ್ಮಮ್ಮ ಹೋಗಿಬಿಟ್ಟಿದ್ರೆ? ಇನ್ಮೇಲೆ ಆ ವಿಷ ನಮ್ಮ ಮನೆ ಹೊಸಲು ದಾಟಲ್ಲ!"

ಅಕ್ಕ ಕದಲಲಿಲ್ಲ. ಅವರು ಕೂರುವವರೆಗೆ ಕಾದಳು. "ನಿಮ್ಮ ಕೋಪ ನ್ಯಾಯವಾದ್ದು. ನಾನು ಅದನ್ನ ಕೇಳಿಸ್ಕೊಳ್ತೀನಿ. ಆದ್ರೆ ನಾನು ಮಾಡಿದ ತಪ್ಪಿಗೆ ಅಮ್ಮ ನೋವು ತಿನ್ನೋದು ಬೇಡ. ಆ ಔಷಧಾನ ಕಮ್ಮಿ ಪ್ರಮಾಣದಲ್ಲಿ ಮತ್ತೆ ಶುರು ಮಾಡೋಣ. ಅವರು ಎಷ್ಟು ಉಸಿರಾಡ್ತಾರೆ, ಎಷ್ಟು ಎಚ್ಚರ ಇದಾರೆ, ದಿನಾ ನಾನೇ ಬಂದು ನೋಡ್ತೀನಿ. ನನ್ನ ಮೇಲೆ ನಂಬಿಕೆ ಹೋಗಿದ್ರೆ ಬೇರೆ ಡಾಕ್ಟ್ರನ್ನ ನಾನೇ ಕರ್ಕೊಂಡು ಬರ್ತೀನಿ."

ಅವಳ ಕಣ್ಣಂಚು ಒದ್ದೆಯಾಗಿತ್ತು. ಅದು ನಟನೆಯೆಂದು ನಾನು ಹೇಳಲಾರೆ.

ದಂತವೈದ್ಯರು ಗಂಟಲು ಸರಿಮಾಡಿಕೊಂಡರು. "ಇಷ್ಟು ಚೆನ್ನಾಗಿ ಹೇಳಿದ್ರೆ ನಾನು ಮನೇನೂ ಬರೆದುಕೊಟ್ಟುಬಿಡ್ತೀನಿ ಮೇಡಂ" ಎಂದರು. ನಗು, ಚಪ್ಪಾಳೆ. ನನ್ನ ಕೈಗಳು ತಟ್ಟಲಿಲ್ಲ. ನಾನಿನ್ನೂ ಅವರ ಪಕ್ಕದಲ್ಲೇ, ಬರಿಗೈ ಇಳಿಬಿಟ್ಟು ನಿಂತಿದ್ದೆ. ಭಾವನ ಮುಂದೆ ಅವಳಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡಿದ್ದೆನಲ್ಲ, ಆ ವಿವರಣೆ ಅಲ್ಲಿಗೆ ಸತ್ತಿತು. ಒಂದು ಪದಕ್ಕೂ ತಡವರಿಸಲಿಲ್ಲ ಅವಳು. ಹೇಳಬೇಕಾದ್ದೆಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ಹೇಳಬೇಕಾದವರನ್ನು ಬಿಟ್ಟು ಹಲ್ಲು ಕೀಳುವವರಿಗೆ ಹೇಳಿದಳು, ಅದೂ ನನ್ನ ವೇಷ ಹಾಕಿಕೊಂಡು.

ಐದು ಗಂಟೆಗೆ ಪ್ರಮಾಣಪತ್ರ ಕೊಟ್ಟರು. ಅಕ್ಕನ ಸಹಿ ಉದ್ದಕ್ಕೆ, ಬಾಲವೆಳೆದು, ಮೊದಲಿನಂತೆಯೇ ಇತ್ತು. ಲಿಫ್ಟಿನ ಪಕ್ಕದ ಕಿಟಕಿಯ ಹತ್ತಿರ ಅವಳು ಸಿಕ್ಕಳು.

"ಈಗ ಆ ಕುರ್ಚಿ ಮೇಲೆ ಕೂತು ಹೇಳಿದ್ಯಲ್ಲ, ಅದನ್ನೇ ಭಾವನಿಗೆ ಹೇಳು" ಎಂದೆ. "ಒಂದಕ್ಷರ ಹೆಚ್ಚು ಬೇಡ, ಒಂದಕ್ಷರ ಕಮ್ಮಿ ಬೇಡ."

"ಅದು ಪಾಠ ಪುಟ್ಟಿ."

"ಅತ್ತೆಗೆ ಮದ್ದು ಬೇಕು. ಭಾವ ಮದ್ದಿಗೆ ಹೆದರಿದಾರೆ. ಮದ್ದಿನ ತಪ್ಪಲ್ಲ, ಅಳತೆ ತಪ್ಪು ಅಂತ ನೀನು ಹೇಳಿದ್ರೆ ನಂಬ್ತಾರೆ. ನಿನ್ನನ್ನ ಮಾತ್ರ ನಂಬ್ತಾರೆ."

"ಹೇಳಿದ್ರೆ ಮುಂದಿನ ಪ್ರಶ್ನೆ ಏನು ಗೊತ್ತಾ? ಅಳತೆ ಯಾರದ್ದು ಅಂತ." ಅವಳ ದನಿ ಇಳಿಯಿತು. "ಅವರ ಅಮ್ಮ ಕಣೇ. ನನ್ನ ಬಾಯಿಂದ ಬಂದ ಸಂಖ್ಯೆ ಅಂತ ಗೊತ್ತಾದ್ರೆ ಆ ಮನೇಲಿ ನಾನು ಬಾಳೋದು ಹೇಗೆ? ನೀನಾದ್ರೆ ಹೊರಗಿನವಳು. ನಿನ್ನ ಮೇಲಿನ ಕೋಪ ಇವತ್ತಲ್ಲ ನಾಳೆ ಇಳಿಯುತ್ತೆ."

"ಇಳಿಯೋವರೆಗೆ ಅತ್ತೆ?"

"ಪರವಾಗಿಲ್ಲ ಅಂತ ಹೇಳಿದೀನಲ್ಲ ನಿಂಗೆ." ಲಿಫ್ಟ್ ಬಂದು ನಿಂತು, ಯಾರೂ ಹತ್ತದೆ ಮುಚ್ಚಿಕೊಂಡಿತು. "ಇವತ್ತು ಮನೆ ಕಡೆ ಬರ್ಬೇಡ. ನಂಗೆ ಇನ್ನೊಂದು ಮೀಟಿಂಗ್ ಇದೆ. ಮುಂದಿನ ವಾರ ಹದ ನೋಡಿ ನಾನೇ ಕರೀತೀನಿ."

ನಾನು ಮೆಟ್ಟಿಲಿಳಿದು ಬಸ್ಸು ಹಿಡಿದು ನೇರ ಅವಳ ಮನೆಗೆ ಹೋದೆ.

ಬಾಗಿಲು ತೆಗೆದವರು ಭಾವ. ಗಡ್ಡ ಬೆಳೆದಿತ್ತು, ಅಂಗಿಯ ಭುಜದ ಮೇಲೆ ಒದ್ದೆ ಟವೆಲಿತ್ತು. ಬೈಗುಳಕ್ಕೆ ಸಿದ್ಧವಾಗಿ ಹೋಗಿದ್ದೆ. ಅವರು ಬೈಯಲಿಲ್ಲ. "ನೀನಾ" ಎಂದರು, ಅಷ್ಟೆ. ಬಾಗಿಲಿಗೆ ಅಡ್ಡಲಾಗಿಯೇ ನಿಂತರು. ನಾನು ಪ್ರಮಾಣಪತ್ರ ಹಿಡಿದು ತೋರಿಸಿದೆ. ಪರವಾನಗಿ ಮರಳಿ ಬರುತ್ತದೆ, ಅತ್ತೆಗೆ ತೀರ ಕಡಿಮೆಯಿಂದ ಶುರು ಮಾಡೋಣ, ದಿನವೂ ನಾನೇ ಬಂದು ನೋಡುತ್ತೇನೆ ಎಂದೆ. ಹೇಳುತ್ತಿರುವಾಗಲೇ ಅವು ಅಕ್ಕನ ಮಾತುಗಳೆಂದು ಹೊಳೆಯಿತು.

"ಬೇಡ" ಎಂದರು.

"ಭಾವ, ಔಷಧದ ತಪ್ಪಲ್ಲ. ಅಳತೆ ಹೆಚ್ಚಾಗಿತ್ತು. ಬರೆದವಳು ನಾನೇ, ಇಲ್ಲ ಅನ್ನಲ್ಲ. ಆದ್ರೆ ಬರೆಯೋ ಮುಂಚೆ ಅಕ್ಕನ್ನ ಕೇಳಿದ್ದೆ. ಎಂಬತ್ತು ಅಂದಿದ್ದು ಅವಳು."

ಅವರು ತಲೆದೂಗಿದರು, ಬರಬೇಕಾದ ಬಸ್ಸು ಬಂತು ಎನ್ನುವ ಹಾಗೆ. "ಇದನ್ನ ನೀನು ಹೇಳೇ ಹೇಳ್ತೀಯ ಅಂತ ಅವಳು ಆವತ್ತೇ ಹೇಳಿದ್ಲು. 'ಒಂದಲ್ಲ ಒಂದಿನ ನನ್ನ ತಲೆ ಮೇಲೆ ಗೂಬೆ ಕೂರಿಸ್ತಾಳೆ, ನೀವು ಬೇಜಾರ್ ಮಾಡ್ಕೋಬೇಡಿ, ಪಾಪ ಹೆದರಿದಾಳೆ' ಅಂತ."

"ಆವತ್ತೇ ಅಂದ್ರೆ?"

"ಮಂಡಳಿಗೆ ದೂರು ಬರೆದ್ವಲ್ಲ, ಆವತ್ತು. ನಂಗೇನು ಗೊತ್ತು ಮಿಲಿಗ್ರಾಮು ಕಿಲೋಗ್ರಾಮು. ಅವಳು ಹೇಳಿದ್ಲು, ನಾನು ಬರ್ಕೊಂಡೆ."

ಹೆಸರು ಎತ್ತಬೇಡ ಎಂದು ಅಕ್ಕ ನನ್ನೆದುರು ಅತ್ತದ್ದು ದೂರಿನ ನೋಟೀಸು ನನ್ನ ಕೈಸೇರಿದ ಸಂಜೆ. ಆಗಲೇ ಆ ದೂರು ಅವಳ ಬಾಯಿಂದ ಇಳಿದಾಗಿತ್ತು, ನಾನು ನಿಜ ಹೇಳಿದರೆ ಅದು ಸುಳ್ಳಾಗುವ ಏರ್ಪಾಡೂ ಮುಗಿದಿತ್ತು.

ಒಳಗಿನಿಂದ ಒಂದು ಸದ್ದು ಬಂತು. ನರಳುವಿಕೆಯೆನ್ನಲು ಬಾರದಂಥದ್ದು, ಉಸಿರು ಹೊರಗೆ ಬರುವ ದಾರಿಯಲ್ಲಿ ಯಾರೋ ಅದನ್ನು ಹಿಡಿದು ನಿಲ್ಲಿಸಿದಂತೆ. ಭಾವ ಟವೆಲನ್ನು ಮುಷ್ಟಿಯಲ್ಲಿ ಹಿಂಡಿದರು. "ಎರಡು ನಿಮಿಷ ಮಾತಾಡಿಸ್ಕೊಂಡು ಹೋಗು. ಮಾತ್ರೆ ಗೀತ್ರೆ ತೆಗೆದ್ರೆ ನೋಡು."

ಅತ್ತೆ ಎಡಮಗ್ಗುಲಿಗೆ, ಮೊಣಕಾಲುಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದರು. ಅಕ್ಟೋಬರಿನಲ್ಲಿ ಕೋಣೆ ತುಂಬ ಓಡಾಡಿಕೊಂಡಿದ್ದ ಹೆಂಗಸು. ಹೊದಿಕೆಯ ಅಂಚು ಕೈಯಲ್ಲಿ ಗಂಟಾಗಿತ್ತು. ಮೇಲ್ದುಟಿಯ ಮೇಲೆ ಬೆವರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಜ್ವರಕ್ಕೆ ಕೊಡುವ ಬಿಳಿ ಮಾತ್ರೆಯ ಪಟ್ಟಿಗಳು. ಇದನ್ನು ಅಕ್ಕ ಪ್ರತಿದಿನ ಬೆಳಿಗ್ಗೆ ನೋಡಿ ಕೆಲಸಕ್ಕೆ ಹೋಗುತ್ತಿದ್ದಳು. ಪ್ರತಿವಾರ ನನಗೆ ಫೋನಿನಲ್ಲಿ, ಪರವಾಗಿಲ್ಲ ಎನ್ನುತ್ತಿದ್ದಳು.

"ಯಾರು, ಪುಟ್ಟೀನಾ?" ಅತ್ತೆ ಕಣ್ಣನ್ನಷ್ಟೇ ಹೊರಳಿಸಿದರು. "ಬಾರೇ. ಕೂತ್ಕೋ. ಮಂಚ ಮಾತ್ರ ಅಲುಗಿಸ್ಬೇಡ."

ನಾನು ನೆಲದ ಮೇಲೆ ಕೂತೆ. "ಹೇಗಿದೀರ ಅತ್ತೆ?"

"ಹೇಗಿರ್ತೀನಿ. ಈ ಮನೇಲಿ ನೋವಿನ ಸ್ಪೆಷಲಿಸ್ಟೂ ಇದಾಳೆ, ನೋವೂ ಇದೆ. ಇಬ್ರಿಗೂ ಮಾತುಕತೆ ಇಲ್ಲ." ನಗಲು ಹೋಗಿ, ಸೊಂಟಕ್ಕೆ ಚಳುಕು ಹೊಡೆದು, ಕಣ್ಣು ಮುಚ್ಚಿದರು.

ಮುಂಬಾಗಿಲಿನ ಬೀಗದಲ್ಲಿ ಕೀಲಿ ತಿರುಗಿತು. ಅಕ್ಕ ಬಂದಳು, ಮೀಟಿಂಗ್ ಬೇಗ ಮುಗಿದಿರಬೇಕು, ಇಲ್ಲವೇ ಇರಲೇ ಇಲ್ಲವೇನೋ. ಕೋಣೆಯ ಬಾಗಿಲಿಗೆ ಬಂದವಳು ನನ್ನನ್ನು ಕಂಡು ಅಲ್ಲೇ ನಿಂತಳು. ಹೆಗಲಿನ ಚೀಲ ಇಳಿಸಲಿಲ್ಲ.

ಭಾವ ಅವಳತ್ತ ತಿರುಗಿದರು. "ನೀನು ಹೇಳಿದ ಹಾಗೇ ಆಯ್ತು. ಎಂಬತ್ತು ಅಂದಿದ್ದು ನೀನೇ ಅಂತಿದಾಳೆ." ಆಮೇಲೆ, ಅಷ್ಟು ಗಟ್ಟಿಯಲ್ಲದ ದನಿಯಲ್ಲಿ, "ಅಲ್ವಲ್ಲ?"

ಅದೊಂದು ಪ್ರಶ್ನೆ. ನಾಲ್ಕು ತಿಂಗಳಲ್ಲಿ ಅವರು ಅದನ್ನು ಮೊದಲ ಸಲ ಕೇಳಿದ್ದರು. ಅತ್ತೆ ಕಣ್ಣು ಬಿಟ್ಟು ಸೊಸೆಯನ್ನು ನೋಡುತ್ತಿದ್ದರು. ಹೂಂ ಎನ್ನುವ ಒಂದು ಸದ್ದು ಅವಳ ಗಂಟಲಿನಿಂದ ಬಂದಿದ್ದರೆ ಸಾಕಿತ್ತು; ಆ ರಾತ್ರಿಯೇ ಇನ್ನೊಬ್ಬ ವೈದ್ಯರನ್ನು ಕರೆಸಿ ಅತ್ತೆಗೆ ಮದ್ದು ಕೊಡಿಸಬಹುದಿತ್ತು.

"ಅಲ್ಲ" ಎಂದಳು ಅಕ್ಕ. "ಅವಳ ಮೇಲೆ ಕೂಗಾಡ್ಬೇಡಿ. ದಣಿದಿದಾಳೆ."

"ಸರಿ" ಎಂದೆ. "ಅಳತೆ ಯಾರದ್ದು ಅನ್ನೋದು ಇರ್ಲಿ. ಅಕ್ಕ, ಇವರಿಗೆ ಈಗ ನೋವು ಎಷ್ಟಿದೆ ಅಂತ ಕೇಳು. ನೀನೇ ಕೇಳು. ಭಾವ ಕೇಳಿಸ್ಕೊಳ್ಲಿ."

ಅಕ್ಕ ಅತ್ತೆಯ ಕಡೆ ನೋಡಲಿಲ್ಲ. "ಕೈಕಾಲು ತೊಳ್ಕೊಂಡು ಬರ್ತೀನಿ" ಎಂದು ಹೋದಳು. ಬಚ್ಚಲಿನ ನಲ್ಲಿ ತಿರುವಿದ ಸದ್ದು ಕೇಳಿತು. ನೀರು ಬಹಳ ಹೊತ್ತು ಹರಿಯಿತು.

ನಾನೇ ಕೇಳಿದೆ. "ಅತ್ತೆ, ಸೊನ್ನೆ ಅಂದ್ರೆ ನೋವು ಇಲ್ವೇ ಇಲ್ಲ. ಹತ್ತು ಅಂದ್ರೆ ಇದಕ್ಕಿಂತ ಹೆಚ್ಚು ಇರೋಕೆ ಸಾಧ್ಯಾನೇ ಇಲ್ಲ. ಅಲುಗದೆ ಮಲಗಿರುವಾಗ ಎಷ್ಟು?"

ಅವರು ಬಾಗಿಲಲ್ಲಿ ನಿಂತಿದ್ದ ಮಗನ ಮುಖವನ್ನು ನೋಡಿದರು, ಅವನಿಗೆ ಎಷ್ಟು ಹೇಳಿದರೆ ತಡೆದಾನು ಎಂದು ಅಳೆಯುವವರಂತೆ. ಆಮೇಲೆ ಅವನಿಂದ ಕಣ್ಣು ತೆಗೆದು ನನಗೆ ಮಾತ್ರ ಹೇಳಿದರು.

ಹತ್ತಕ್ಕೆ ಒಂಬತ್ತು.